ಕುಶಾಲನಗರದ ಔಷಧ ಗೋದಾಮಿಗೆ ಯಾವ ಸಾರ್ಟಿಂಗ್ ವ್ಯವಸ್ಥೆ ಹೊಂದುತ್ತದೆ?

ಸಗಟು ಔಷಧ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಣೆಯನ್ನು ಯಂತ್ರಕ್ಕೆ ವಹಿಸಲು ಹೊರಟವರ ಮುಂದೆ ಮಾರಾಟಗಾರರು ಮೊದಲು ಇಡುವ ಅಂಕಿ ಗಂಟೆಗೆ ಇಷ್ಟು ಸಾವಿರ ಪಾರ್ಸೆಲ್ ಎಂಬುದು. ಕೊಡಗಿನಂಥ ಜಿಲ್ಲೆಯಲ್ಲಿ ಆ ಅಂಕಿಯನ್ನು ಹಿಡಿದು ಹೊರಟರೆ ಬೇಡದ ಯಂತ್ರವೊಂದು ಬಂದು ಗೋದಾಮಿನ ನಡುವೆ ಕೂರುತ್ತದೆ. ನಾನು ಕುಶಾಲನಗರದಲ್ಲಿ ಸಗಟು ಔಷಧ ಗೋದಾಮೊಂದರ ರವಾನೆ ವಿಭಾಗವನ್ನು ನೋಡಿಕೊಳ್ಳುವವನು. ನಾಲ್ಕೈದು ಬಗೆಯ ವ್ಯವಸ್ಥೆಗಳನ್ನು ನೋಡಿದ್ದೇನೆ, ಕೆಲವನ್ನು ಬಳಸಿದ್ದೇನೆ, ಒಂದನ್ನು ಪರೀಕ್ಷೆಗೆ ತರಿಸಿ ಹಿಂತಿರುಗಿಸಿದ್ದೇನೆ. ಇಲ್ಲಿನ ಮಳೆ, ಕರೆಂಟು, ರಸ್ತೆ ಮತ್ತು ಔಷಧ ವ್ಯಾಪಾರದ ಕಟ್ಟುಪಾಡುಗಳ ನಡುವೆ ಇವುಗಳಲ್ಲಿ ಯಾವುದು ಬಾಳಿಕೆ ಬರುತ್ತದೆ ಎಂಬುದನ್ನು ಹೋಲಿಸಿ ನೋಡುವುದು ಇಲ್ಲಿನ ಉದ್ದೇಶ.

ಮೊದಲು ನಮ್ಮದೇ ಲೆಕ್ಕ

2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ವಿಸ್ತೀರ್ಣ 4,102 ಚದರ ಕಿಲೋಮೀಟರು. ಜಿಲ್ಲೆಯೊಳಗೆ ರೈಲು ಇಲ್ಲ. ಹಾಗಾಗಿ ಮೆಡಿಕಲ್ ಶಾಪುಗಳಿಗೆ ಹೋಗುವ ಪ್ರತಿಯೊಂದು ಡಬ್ಬವೂ ಯಾವುದಾದರೊಂದು ಲೈನ್ ಗಾಡಿಯನ್ನೋ ಬಸ್ಸನ್ನೋ ಹಿಡಿಯಲೇಬೇಕು: ಸುಂಟಿಕೊಪ್ಪ–ಮಡಿಕೇರಿ, ಸಿದ್ದಾಪುರ–ಅಮ್ಮತ್ತಿ, ವಿರಾಜಪೇಟೆ–ಗೋಣಿಕೊಪ್ಪ–ಪೊನ್ನಂಪೇಟೆ, ಸೋಮವಾರಪೇಟೆ–ಶನಿವಾರಸಂತೆ, ಮೂರ್ನಾಡು–ನಾಪೋಕ್ಲು–ಭಾಗಮಂಡಲ. ಅಂಗಡಿಗಳು ಕಡಿಮೆ, ದೂರ ಹೆಚ್ಚು. ಸೋಮವಾರಪೇಟೆಗೆ ಹೋಗಬೇಕಾದ ಪಾರ್ಸೆಲ್ ತಪ್ಪಿ ನಾಪೋಕ್ಲು ಗಾಡಿ ಹತ್ತಿದರೆ ಅದು ಮರಳಿ ಬಂದು ಸರಿಯಾದ ಅಂಗಡಿಯನ್ನು ಸೇರುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ಬೆಂಗಳೂರಿನ ಗೋದಾಮಿನಲ್ಲಿ ಅದೇ ತಪ್ಪನ್ನು ಸ್ಕೂಟರ್ ಹುಡುಗನೊಬ್ಬ ಒಂದು ತಾಸಿನಲ್ಲಿ ಸರಿಪಡಿಸುತ್ತಾನೆ.

ಉದಾಹರಣೆಗೆ, ದಿನಕ್ಕೆ 450 ಪಾರ್ಸೆಲ್ ಕಳುಹಿಸುವ, 12 ಲೈನ್‌ಗಳಿರುವ, ಅಂದರೆ 12 ರವಾನೆ ಮಾರ್ಗಗಳಿರುವ ಗೋದಾಮನ್ನು ತೆಗೆದುಕೊಳ್ಳೋಣ. ಇವುಗಳಲ್ಲಿ 300 ಪಾರ್ಸೆಲ್ ಬೆಳಗಿನ ಗಾಡಿಗಳು ಹೊರಡುವ ಮುಂಚಿನ ಎರಡು ತಾಸುಗಳಲ್ಲೇ ಬಂದು ಬೀಳುತ್ತವೆ ಎಂದುಕೊಂಡರೆ, ಗಂಟೆಗೆ 150, ಅಂದರೆ 24 ಸೆಕೆಂಡಿಗೆ ಒಂದು. ಸ್ಕ್ಯಾನರ್ ಹಿಡಿದ ಒಬ್ಬ ಅನುಭವಸ್ಥ ಕೈಯಾಳು ಒಂದು ಪಾರ್ಸೆಲನ್ನು ಓದಿ, ನಾಲ್ಕು ಹೆಜ್ಜೆ ನಡೆದು, ಗೂಡಿನಲ್ಲಿಟ್ಟು ಬರಲು ಹತ್ತು ಹನ್ನೆರಡು ಸೆಕೆಂಡು ಸಾಕು. ಪುಟ್ಟ ಬೆಲ್ಟುಗಳ ಮೇಲೆ ಹೊತ್ತು ತಂದು ಪಕ್ಕಕ್ಕೆ ಜಾರಿಸುತ್ತಾ ಗಂಟೆಗೆ 10,000 ಪಾರ್ಸೆಲ್ ವಿಂಗಡಿಸುವ ಕ್ರಾಸ್ ಬೆಲ್ಟ್ ಸಾರ್ಟರ್ ಆ 300 ಪಾರ್ಸೆಲ್‌ಗಳನ್ನು ಎರಡು ನಿಮಿಷದೊಳಗೆ ಮುಗಿಸಿ ಉಳಿದ ದಿನವೆಲ್ಲ ಸುಮ್ಮನೆ ನಿಂತಿರುತ್ತದೆ. ವೇಗ ನಮ್ಮ ಕೊರತೆಯೇ ಅಲ್ಲ ಎಂಬುದು ಈ ಒಂದೇ ಲೆಕ್ಕದಿಂದ ತಿಳಿಯುತ್ತದೆ. ನಮಗೆ ಬೇಕಾಗಿರುವುದು ತಪ್ಪು ಲೈನಿಗೆ ಹೋಗದಿರುವ ಭರವಸೆ, ಯಾವ ಬ್ಯಾಚ್ ಯಾವ ಅಂಗಡಿಗೆ ಹೋಯಿತೆಂಬ ದಾಖಲೆ, ಮತ್ತು ಕರೆಂಟು ಹೋದಾಗಲೂ ನಿಲ್ಲದ ಕೆಲಸ.

ಈಗ ಇರುವ ಪದ್ಧತಿ: ಮಾರ್ಕರ್ ಪೆನ್ನು

ಡಬ್ಬದ ಮೇಲೆ ಕಪ್ಪು ಮಾರ್ಕರಿನಲ್ಲಿ ಲೈನ್ ನಂಬರ್ ಬರೆದು, ಗೋಡೆ ಬದಿಯಲ್ಲಿ ಲೈನ್‌ವಾರು ಪೇರಿಸುವ ಪದ್ಧತಿಯನ್ನು ಹಗುರವಾಗಿ ಕಾಣಬಾರದು. ಅದಕ್ಕೆ ಕರೆಂಟು ಬೇಡ, ಸರ್ವೀಸ್ ಇಂಜಿನಿಯರ್ ಬೇಡ. ಅದರ ದೌರ್ಬಲ್ಯ ಎರಡು ಕಡೆ ಇದೆ. ಅವಸರದಲ್ಲಿ ಬರೆದ 1 ಮತ್ತು 7 ಒಂದೇ ರೀತಿ ಕಾಣುತ್ತವೆ. ಇದು ಸಣ್ಣ ವಿಷಯ. ಎರಡನೆಯದು ದೊಡ್ಡದು: ಯಾವ ಅಂಗಡಿ ಯಾವ ಲೈನು, ಯಾರಿಗೆ ಬಸ್ಸಿನಲ್ಲಿ ಹಾಕಬೇಕು, ಯಾರಿಗೆ ನಮ್ಮ ಗಾಡಿಯಲ್ಲೇ ಹೋಗಬೇಕು ಎಂಬುದೆಲ್ಲ ಹಳೆಯ ನೌಕರನೊಬ್ಬನ ತಲೆಯಲ್ಲಿರುತ್ತದೆ. ಪುತ್ತರಿ ಹಬ್ಬಕ್ಕೆ ಅವನು ಊರಿಗೆ ಹೋದ ದಿನ, ಅಥವಾ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಪ್ಯಾಕಿಂಗಿನವರು ತೋಟದ ಕೂಲಿಗೆ ಹೊರಟ ವಾರ, ಗೋದಾಮಿನ ನೆನಪಿನ ಶಕ್ತಿಯೇ ರಜೆಯ ಮೇಲೆ ಹೋದಂತಾಗುತ್ತದೆ.

ಸ್ಕ್ಯಾನರ್ ಮತ್ತು ದೀಪದ ಗೂಡು

ಮೊದಲ ಮೆಟ್ಟಿಲು ಹ್ಯಾಂಡ್‌ಹೆಲ್ಡ್ ಸ್ಕ್ಯಾನರ್. ಪ್ರತಿ ಪಾರ್ಸೆಲ್‌ಗೆ ಬಿಲ್ಲಿಂಗ್ ಸಾಫ್ಟ್‌ವೇರಿನಿಂದಲೇ ಒಂದು ಲೇಬಲ್ ಬರುತ್ತದೆ. ಅದನ್ನು ಓದಿದೊಡನೆ ಪರದೆಯ ಮೇಲೆ ಲೈನ್ ನಂಬರ್ ದಪ್ಪಕ್ಷರದಲ್ಲಿ ಕಾಣುತ್ತದೆ. ಇಡುವ ಗೂಡಿನ ಮೇಲೂ ಒಂದು ಬಾರ್‌ಕೋಡ್ ಇದ್ದು ಅದನ್ನೂ ಓದಬೇಕು. ಎರಡೂ ಹೊಂದದಿದ್ದರೆ ಸ್ಕ್ಯಾನರ್ ಕೂಗುತ್ತದೆ. ಎರಡನೆಯ ಮೆಟ್ಟಿಲು ಪುಟ್ ಟು ಲೈಟ್, ನಮ್ಮ ಹುಡುಗರ ಬಾಯಲ್ಲಿ ದೀಪದ ಗೂಡು. ಪಾರ್ಸೆಲ್ ಓದಿದ ಕೂಡಲೇ ಅದು ಸೇರಬೇಕಾದ ಗೂಡಿನ ಮೇಲೆ ದೀಪ ಹತ್ತುತ್ತದೆ. ಇಟ್ಟು ಗುಂಡಿ ಒತ್ತಿದರೆ ಆರುತ್ತದೆ.

ಇವೆರಡರಲ್ಲಿ ದೀಪದ ಗೂಡೇ ಮೇಲು ಎಂದು ಯಾರಾದರೂ ಹೇಳಿದರೆ ಅವರನ್ನು ಒಂದು ಪ್ರಶ್ನೆ ಕೇಳಿ: ಆರನೆಯ ಗೂಡಿನ ದೀಪ ಹತ್ತಿದಾಗ ಪಾರ್ಸೆಲನ್ನು ಏಳನೆಯದರಲ್ಲಿಟ್ಟು ಆರನೆಯದರ ಗುಂಡಿ ಒತ್ತಿದರೆ ನಿಮ್ಮ ವ್ಯವಸ್ಥೆಗೆ ಗೊತ್ತಾಗುತ್ತದೆಯೇ? ಗೂಡಿನ ಬಾಯಿಗೆ ಸೆನ್ಸರ್ ಇಲ್ಲದಿದ್ದರೆ ಗೊತ್ತಾಗುವುದಿಲ್ಲ. ಗುಂಡಿ ಒತ್ತುವುದು ಕೈಗೆ ಅಭ್ಯಾಸವಾಗಿಬಿಟ್ಟ ಮೇಲೆ ಕಣ್ಣು ಬೇರೆಡೆ ಇರುತ್ತದೆ. ಎರಡು ಬಾರಿ ಸ್ಕ್ಯಾನ್ ಮಾಡುವ ಪದ್ಧತಿ ನಿಧಾನ, ಆದರೆ ಆ ತಪ್ಪಿಗೆ ಅವಕಾಶ ಕಡಿಮೆ. ದೀಪದ ಗೂಡು ವೇಗ, ಹೊಸಬರಿಗೆ ಅರ್ಧ ದಿನದಲ್ಲಿ ಕಲಿಸಬಹುದು, ಎರಡೂ ಕೈ ಖಾಲಿ ಇರುತ್ತವೆ. ದಿನಕ್ಕೆ ಮುನ್ನೂರರ ಒಳಗಿರುವ ಗೋದಾಮಿಗೆ ಎರಡು ಸ್ಕ್ಯಾನಿನ ಪದ್ಧತಿ ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಮೇಲೆ ಹೋದಾಗ, ಸೆನ್ಸರ್ ಇರುವ ದೀಪದ ಗೂಡಿಗೆ ಹಣ ಹಾಕಬಹುದು. ಖರ್ಚಿನ ಅಂದಾಜೂ ಅದೇ ಕ್ರಮದಲ್ಲಿ ಏರುತ್ತದೆ: ಸ್ಕ್ಯಾನರ್ ಸಾವಿರಗಳ ಮಾತು, ದೀಪದ ಗೂಡು ಲಕ್ಷಗಳದು.

ಸ್ಕ್ಯಾನರ್ ಕೊಳ್ಳುವಾಗ ಒಂದು ಎಚ್ಚರ. ಹೆಚ್ಚು ಮಾರಾಟವಾಗುವ 300 ಔಷಧ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಬೇಕೆಂಬ ನಿಯಮ 2023ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಔಷಧದ ಹೆಸರು, ತಯಾರಕರ ವಿವರಗಳ ಜೊತೆಗೆ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ದಿನಾಂಕವೂ ಅದರೊಳಗಿರುತ್ತವೆ. ಉದ್ದಗೆರೆಗಳನ್ನು ಮಾತ್ರ ಓದಬಲ್ಲ ಹಳೆಯ ಲೇಸರ್ ಸ್ಕ್ಯಾನರ್ ಈ ಚೌಕಾಕಾರದ ಕೋಡನ್ನು ಓದುವುದಿಲ್ಲ. ಎಲ್ಲ ಕಂಪನಿಗಳ ಕೋಡಿನ ವಿನ್ಯಾಸವೂ ಒಂದೇ ಅಲ್ಲವಾದ್ದರಿಂದ ಸಾಫ್ಟ್‌ವೇರಿನವರಿಗೆ ಹತ್ತು ಕಂಪನಿಗಳ ಖಾಲಿ ಡಬ್ಬಗಳನ್ನು ಕೊಟ್ಟು ಓದಿಸಿ ನೋಡುವುದು ಒಳ್ಳೆಯದು. ಕೋಡೇ ಇಲ್ಲದ ಮಾಲಿಗೆ ನಾವೇ ಒಳಬರುವಾಗ ಲೇಬಲ್ ಅಂಟಿಸಬೇಕು. ಆ ಕೆಲಸಕ್ಕೆ ಆಳನ್ನು ಲೆಕ್ಕ ಹಾಕದೆ ಯಾಂತ್ರೀಕರಣದ ಉಳಿತಾಯವನ್ನು ಮಾತ್ರ ಬರೆದುಕೊಳ್ಳುವ ಯೋಜನೆಗಳನ್ನು ನಾನು ಬಹಳ ಕಂಡಿದ್ದೇನೆ.

ರೋಲರ್ ಲೈನು ಮತ್ತು ತಿರುಗಿಸುವ ಚಕ್ರಗಳು

ಕರೆಂಟಿಲ್ಲದೆ, ಇಳಿಜಾರಿನಲ್ಲಿ ಡಬ್ಬ ತಾನೇ ಜಾರುವ ಗ್ರಾವಿಟಿ ರೋಲರ್ ನನ್ನ ಮಟ್ಟಿಗೆ ಈ ಇಡೀ ಪಟ್ಟಿಯಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ದುಡಿಯುವ ವಸ್ತು. ಪ್ಯಾಕಿಂಗ್ ಮೇಜಿನಿಂದ ಗೂಡುಗಳವರೆಗಿನ ಹೊತ್ತೊಯ್ಯುವ ಕೆಲಸ ಅದರಿಂದ ಇಲ್ಲವಾಗುತ್ತದೆ. ಆದರೆ ಅದರಲ್ಲಿ ಒಂದು ಅಳತೆ ಇದೆ: ಡಬ್ಬದ ಕೆಳಗೆ ಯಾವಾಗಲೂ ಕನಿಷ್ಠ ಮೂರು ರೋಲರ್ ಇರಬೇಕು. ರೋಲರ್‌ಗಳ ನಡುವಿನ ಅಂತರ 75 ಮಿಲಿಮೀಟರ್ ಆದರೆ 225 ಮಿಲಿಮೀಟರಿಗಿಂತ ಗಿಡ್ಡ ಡಬ್ಬ ಅದರ ಮೇಲೆ ಕುಣಿಯುತ್ತಾ ಹೋಗಿ ಮೂತಿ ಸಿಕ್ಕಿಸಿಕೊಂಡು ನಿಲ್ಲುತ್ತದೆ. ಔಷಧ ಗೋದಾಮಿನಿಂದ ಹೋಗುವ ಪಾರ್ಸೆಲ್‌ಗಳಲ್ಲಿ ಗಿಡ್ಡವೇ ಹೆಚ್ಚು. ಕಣ್ಣಿನ ಹನಿಯ ನಾಲ್ಕು ಬಾಟಲಿ, ಹತ್ತು ಸ್ಟ್ರಿಪ್ ಮಾತ್ರೆ ಇಷ್ಟೇ ಒಂದು ಆರ್ಡರ್ ಆಗಿರುತ್ತದೆ. ಇವನ್ನು ಪ್ಲಾಸ್ಟಿಕ್ ಕ್ರೇಟಿನಲ್ಲಿ ಇಟ್ಟು ಬಿಡಬೇಕು, ಇಲ್ಲವೇ ರೋಲರ್‌ಗಳು ಹತ್ತಿರ ಹತ್ತಿರ ಇರುವ ಲೈನನ್ನೇ ಮಾಡಿಸಬೇಕು. ನಾವು ಕ್ರೇಟ್ ಆರಿಸಿಕೊಂಡೆವು.

ಕರೆಂಟಿನ ರೋಲರ್ ಲೈನಿಗೆ ಪಾಪ್‌ಅಪ್ ವೀಲ್ ಸಾರ್ಟರ್ ಜೋಡಿಸಿದರೆ ವಿಂಗಡಣೆಯೂ ತಾನಾಗಿ ನಡೆಯುತ್ತದೆ: ಸರಿಯಾದ ಜಾಗಕ್ಕೆ ಡಬ್ಬ ಬಂದಾಗ ರೋಲರ್‌ಗಳ ನಡುವಿನಿಂದ ಸಣ್ಣ ಚಕ್ರಗಳು ಮೇಲೆದ್ದು ಅದನ್ನು ಪಕ್ಕದ ಇಳಿಜಾರಿಗೆ ತಳ್ಳುತ್ತವೆ. ಗಂಟೆಗೆ ಎರಡು ಸಾವಿರದ ಮೇಲೆ ವಿಂಗಡಿಸುವ ಈ ಯಂತ್ರ ಮೈಸೂರಿನ ದೊಡ್ಡ ಸ್ಟಾಕಿಸ್ಟ್‌ಗೆ ಅರ್ಥಪೂರ್ಣ. ಇಲ್ಲಿ ಅದರ ವಿರುದ್ಧ ಹೇಳಬೇಕಾದ ಮಾತು ಗಾಳಿಯದು. ಅನೇಕ ಮಾದರಿಗಳಲ್ಲಿ ಚಕ್ರವನ್ನು ಎತ್ತುವುದು ಕಂಪ್ರೆಸರಿನ ಗಾಳಿ. ಜುಲೈ ತಿಂಗಳ ನಮ್ಮ ಗಾಳಿಯನ್ನು ಒತ್ತಿ ಪೈಪಿಗೆ ತುಂಬಿದರೆ ಅದರಲ್ಲಿನ ತೇವವೂ ನೀರಾಗಿ ಪೈಪು ಸೇರುತ್ತದೆ, ವಾಲ್ವ್‌ಗಳಲ್ಲಿ ತುಕ್ಕು ಕಟ್ಟುತ್ತದೆ. ಏರ್ ಡ್ರೈಯರ್ ಇಲ್ಲದೆ ಕೊಟ್ಟ ಕೊಟೇಶನ್ ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. 24 ವೋಲ್ಟಿನ ಮೋಟಾರು ರೋಲರಿನೊಳಗೇ ಇರುವ, ಗಾಳಿಯ ಹಂಗಿಲ್ಲದ ಮಾದರಿಗಳೂ ಇವೆ. ಡಬ್ಬ ಬಂದ ಭಾಗ ಮಾತ್ರ ತಿರುಗಿ ಉಳಿದದ್ದು ಸುಮ್ಮನಿರುವುದರಿಂದ ಕರೆಂಟಿನ ಖರ್ಚು ಕಡಿಮೆ, ಸದ್ದೂ ಕಡಿಮೆ, ಯುಪಿಎಸ್ ಮೇಲೆ ಓಡಿಸುವುದೂ ಸುಲಭ. ರೋಲರ್ ಲೈನು ಬೇಕೇ ಬೇಕು ಎನ್ನುವವರು ಇದನ್ನೇ ಆರಿಸಲಿ.

ಸ್ಲೈಡಿಂಗ್ ಶೂ, ಟಿಲ್ಟ್ ಟ್ರೇ, ಕ್ರಾಸ್ ಬೆಲ್ಟ್ ಈ ಮೂರು ಬಗೆಯ ಅತಿವೇಗದ ಸಾರ್ಟರ್‌ಗಳೂ ಕೊರಿಯರ್ ಕಂಪನಿಗಳ ಹಬ್‌ಗಳಂಥ ದೊಡ್ಡ ಜಾಗಗಳಿಗೆ ಹೊಂದುವಂಥವು, ಕೋಟಿಯ ಲೆಕ್ಕದವು. ಜಿಲ್ಲೆಯ ಎಲ್ಲ ಸ್ಟಾಕಿಸ್ಟ್‌ಗಳ ಪಾರ್ಸೆಲ್ ಒಟ್ಟು ಸೇರಿಸಿದರೂ ಅವುಗಳ ಹೊಟ್ಟೆ ತುಂಬುವುದು ಕಷ್ಟ. ಜೊತೆಗೆ, ಇಳಿಜಾರಿನ ಕೊನೆಯಲ್ಲಿ ಡಬ್ಬದ ಮೇಲೆ ಡಬ್ಬ ಬೀಳುವ ವ್ಯವಸ್ಥೆ ಗಾಜಿನ ಆಂಪ್ಯೂಲ್‌ಗಳಿಗೆ ಒಳ್ಳೆಯದಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಕುಶಾಲನಗರದವರಿಗೆ ವಿಂಗಡಿಸುವ ಯಂತ್ರ ಹೊಸದಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜವನ್ನು ಎ, ಬಿ, ಪಿಬಿ ಎಂದು ಜರಡಿ ಹಿಡಿಯುವ, ಕಪ್ಪು ಬೀಜವನ್ನು ಬಣ್ಣ ನೋಡಿ ಹೊರಗೆ ಊದುವ ಯಂತ್ರಗಳನ್ನು ಎಲ್ಲರೂ ನೋಡಿದ್ದಾರೆ. ಆ ಅನುಭವವೇ ಇಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ ಮೂಟೆಯೊಂದರಲ್ಲಿ ಬೇರೆ ಗ್ರೇಡಿನ ಹತ್ತು ಬೀಜ ಉಳಿದರೆ ಯಾರೂ ಕೇಳುವುದಿಲ್ಲ. ಇಲ್ಲಿ 25 ಮಿಲಿಗ್ರಾಮಿನ ಬದಲು 50 ಮಿಲಿಗ್ರಾಮಿನ ಒಂದು ಡಬ್ಬ ಹೋದರೂ ಅದು ರೋಗಿಯೊಬ್ಬರ ಕೈ ಸೇರುತ್ತದೆ.

ರೋಬೋಟ್‌ಗಳು

ಎದೆಮಟ್ಟದ ವೇದಿಕೆಯ ಮೇಲೆ ಓಡಾಡುತ್ತಾ, ಒಂದೊಂದು ಪಾರ್ಸೆಲ್ ಹೊತ್ತು ತಂದು ಸರಿಯಾದ ರಂಧ್ರದಲ್ಲಿ ಸುರಿಯುವ ಪುಟ್ಟ ರೋಬೋಟ್‌ಗಳು ಈಗ ಭಾರತದಲ್ಲೂ ಸಿಗುತ್ತವೆ. ಬೇಕಾದಾಗ ನಾಲ್ಕು ಹೆಚ್ಚಿಸಬಹುದು, ಒಂದು ಕೆಟ್ಟರೆ ಉಳಿದವು ಓಡುತ್ತವೆ, ಬ್ಯಾಟರಿ ಇರುವುದರಿಂದ ಕರೆಂಟು ಹೋದ ಕ್ಷಣವೇ ನಿಲ್ಲುವುದಿಲ್ಲ. ತತ್ವದಲ್ಲಿ ಇದು ನಮಗೆ ಹತ್ತಿರದ ಯಂತ್ರ. ತೂಕದಲ್ಲಿ ಮಾತ್ರ ಸೋಲುತ್ತದೆ: 500 ಮಿಲಿಲೀಟರಿನ 24 ಬಾಟಲಿಯ ಒಂದು ಐವಿ ಫ್ಲೂಯಿಡ್ ಕೇಸಿನಲ್ಲಿ ದ್ರವವೇ 12 ಕಿಲೋ. ಅಂಥ ಕೇಸುಗಳು ಯಾವ ಸಾರ್ಟರಿಗೂ ಹತ್ತದೆ ನೇರವಾಗಿ ಟ್ರಾಲಿಯಲ್ಲಿ ಗಾಡಿಗೆ ಹೋಗುವುದೇ ಸರಿ.

ನಾನು ಹಿಂತಿರುಗಿಸಿದ್ದು ನೆಲದ ಮೇಲೆ ಓಡುವ ಮಾದರಿಯನ್ನು. ನೆಲಕ್ಕೆ ಅಂಟಿಸಿದ ಕೋಡ್‌ಗಳನ್ನು ನೋಡಿಕೊಂಡು ಅದು ದಾರಿ ಹಿಡಿಯುತ್ತದೆ. ನಮ್ಮದು ಮೊದಲು ಕಾಫಿ ಗೋದಾಮಾಗಿದ್ದ ಕಟ್ಟಡ. ಸಿಮೆಂಟ್ ನೆಲ ಅಲ್ಲಲ್ಲಿ ತಗ್ಗಾಗಿದೆ. ಅದಕ್ಕಾದರೂ ಪರಿಹಾರವಿತ್ತು. ಜೂನ್ ಮೂರನೆಯ ವಾರ ಲೋಡಿಂಗಿನವರು ಒದ್ದೆ ಗಂಬೂಟಿನಲ್ಲಿ ಒಳಗೆ ಬಂದ ಮೇಲೆ ಕೋಡ್‌ಗಳ ಮೇಲೆ ಕೆಮ್ಮಣ್ಣಿನ ಪದರ ಕೂತಿತು. ರೋಬೋಟ್ ಬಾಗಿಲಿನಿಂದ ಎರಡು ಮಾರು ದೂರದಲ್ಲಿ ನಿಂತು, ಕೆಂಪು ದೀಪ ಮಿಟುಕಿಸುತ್ತಾ, ಯಾರಾದರೂ ಬಂದು ನೆಲ ಒರೆಸಲಿ ಎಂದು ಕಾಯತೊಡಗಿತು. ದಿನಕ್ಕೆ ನಾಲ್ಕು ಸಲ ನೆಲ ಒರೆಸಲು ಒಬ್ಬರನ್ನು ಇಟ್ಟುಕೊಂಡರೆ ರೋಬೋಟ್ ಉಳಿಸಿದ ಆಳು ಅಲ್ಲಿಗೆ ಸರಿಹೋಗುತ್ತಾನೆ.

ಮಳೆಗಾಲ ಮತ್ತು ತಂಪಿನ ಡಬ್ಬ

ಯಾವ ವ್ಯವಸ್ಥೆ ಆರಿಸಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳೇ ಅದರ ನಿಜವಾದ ಪರೀಕ್ಷೆ. ತೇವ ಹೀರಿದ ರಟ್ಟಿನ ಡಬ್ಬ ಒಣ ಡಬ್ಬದ ಅರ್ಧದಷ್ಟು ಭಾರವನ್ನೂ ಹೊರಲಾರದೆ ಕುಸಿಯುವುದುಂಟು. ಮೆತ್ತಗಾದ ತಳ ರೋಲರಿನ ಮೇಲೆ ಜಾರುವುದೇ ಇಲ್ಲ. ಮರ ಬಿದ್ದು ತಂತಿ ಹರಿದರೆ ಚೆಸ್ಕಾಂನವರು ಎಷ್ಟೇ ದುಡಿದರೂ ಹಲವು ತಾಸು ಕರೆಂಟು ಬಾರದಿರಬಹುದು. ಮಡಿಕೇರಿಯಲ್ಲಿ ಗೋದಾಮು ಮಾಡುವವರಿಗೆ ಈ ಕಷ್ಟ ಕುಶಾಲನಗರಕ್ಕಿಂತ ಹೆಚ್ಚು. ಮೂವತ್ತು ಕಿಲೋಮೀಟರಿನೊಳಗೇ ಮಳೆಯ ಪ್ರಮಾಣ ಅಷ್ಟು ಬದಲಾಗುತ್ತದೆ.

ನಮ್ಮ ದೊಡ್ಡ ಪಾಠ ಮಾತ್ರ ಸಣ್ಣ ವಸ್ತುವಿನಿಂದ ಬಂತು. ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಲೂ ಬಾರದು; ಅದು ಥರ್ಮೊಕೋಲ್ ಡಬ್ಬದಲ್ಲಿ ಜೆಲ್ ಪ್ಯಾಕಿನೊಡನೆ ಹೋಗುತ್ತದೆ. ಜುಲೈನ ಒಂದು ಬೆಳಿಗ್ಗೆ ಕೋಲ್ಡ್ ರೂಮಿನಿಂದ ಹೊರತಂದ ಡಬ್ಬದ ಮೇಲೆ ಬೆವರಿನಂತೆ ನೀರು ಹನಿಯಿತು, ಲೇಬಲಿನ ಒಂದು ಮೂಲೆ ಎದ್ದಿತು, ಸಿದ್ದಾಪುರದ ಡಬ್ಬದ ಲೇಬಲ್ ಪಕ್ಕದಲ್ಲಿದ್ದ ಶನಿವಾರಸಂತೆಯ ಕ್ರೇಟಿಗೆ ಅಂಟಿಕೊಂಡು ಹೋಯಿತು. ಸ್ಕ್ಯಾನರ್ ತಪ್ಪು ಮಾಡಲಿಲ್ಲ. ಅದು ಓದಿದ ಲೇಬಲ್ ತಪ್ಪು ವಸ್ತುವಿನ ಮೇಲಿತ್ತು. ಸಿದ್ದಾಪುರದ ಅಂಗಡಿಯವರು ಫೋನ್ ಮಾಡುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ತಪ್ಪು ಗಾಡಿ ಹತ್ತಿದ್ದ ಇನ್ಸುಲಿನ್ ಡಬ್ಬ ಮರಳಿ ಬಂದಾಗ ಜೆಲ್ ಪ್ಯಾಕ್ ಬೆಚ್ಚಗಾಗಿತ್ತು, ಮಾಲನ್ನು ಪಕ್ಕಕ್ಕಿಡಬೇಕಾಯಿತು. ಅಂದಿನಿಂದ ತಂಪಿನ ಡಬ್ಬಕ್ಕೆ ಕಾಗದದ ಲೇಬಲ್ ಬಿಟ್ಟು, ತಂಪಿನಲ್ಲೂ ಹಿಡಿಯುವ ಅಂಟಿನ ಪ್ಲಾಸ್ಟಿಕ್ ಲೇಬಲನ್ನು ಡಬ್ಬ ಒಣಗಿರುವಾಗಲೇ ಎರಡು ಬದಿಗೆ ಅಂಟಿಸುತ್ತೇವೆ. ಶಾಖ ತಾಗಿದರೆ ಕಪ್ಪಗಾಗುವ ಡೈರೆಕ್ಟ್ ಥರ್ಮಲ್ ಮುದ್ರಣದ ಬದಲು ರಿಬ್ಬನ್ ಇರುವ ಪ್ರಿಂಟರ್ ಬಳಸುತ್ತೇವೆ. ತಂಪಿನ ಡಬ್ಬ ರೋಲರ್ ಲೈನಿಗೆ ಹತ್ತುವುದೇ ಇಲ್ಲ. ಗಾಡಿ ಹೊರಡುವ ಮುನ್ನ ಕೊನೆಯದಾಗಿ ಕೈಯಲ್ಲೇ ಹೋಗುತ್ತದೆ.

ದಾಖಲೆ

1945ರ ಔಷಧ ನಿಯಮಗಳ ಪ್ರಕಾರ ಸಗಟು ಮಾರಾಟದ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರಲೇಬೇಕು. ಬ್ಯಾಚೊಂದು ಗುಣಮಟ್ಟದಲ್ಲಿ ವಿಫಲವಾಯಿತೆಂದು ಕಂಪನಿ ಹಿಂದಕ್ಕೆ ಕೇಳಿದ ದಿನ ಆ ಬ್ಯಾಚ್ ಯಾವ ಯಾವ ಅಂಗಡಿಗೆ, ಯಾವ ಪಾರ್ಸೆಲಿನಲ್ಲಿ ಹೋಯಿತೆಂದು ಕೂಡಲೇ ಹೇಳಲು ಬರುವುದೇ ಈ ಎಲ್ಲ ಖರ್ಚಿನ ನಿಜವಾದ ಫಲ. ಬಿಲ್ಲಿನಲ್ಲಿ ಒಂದು ಬ್ಯಾಚ್, ಡಬ್ಬದೊಳಗೆ ಇನ್ನೊಂದು ಬ್ಯಾಚ್ ಹೋಗುವುದು ರ್ಯಾಕಿನಿಂದ ಎತ್ತುವಾಗ. ಆದ್ದರಿಂದ ಇರುವ ಹಣದಲ್ಲಿ ಮೊದಲ ಪಾಲು ಎತ್ತುವ ಜಾಗದ ಸ್ಕ್ಯಾನಿಂಗಿಗೆ ಸಲ್ಲಬೇಕು, ಪಾರ್ಸೆಲ್ ವಿಂಗಡಣೆಗೆ ಎರಡನೆಯದು. ಮೊದಲು ಎಕ್ಸ್‌ಪೈರಿ ಆಗುವುದು ಮೊದಲು ಹೋಗಲಿ ಎಂಬ ಕ್ರಮವನ್ನು ಕಾಯುವುದೂ ಅಲ್ಲಿಯೇ. ಒಳಗೆ ತಪ್ಪು ಮಾಲಿರುವ ಡಬ್ಬವನ್ನು ಸರಿಯಾದ ಲೈನಿಗೆ ಕಳುಹಿಸುವುದರಲ್ಲಿ ಯಾವ ಯಂತ್ರಕ್ಕೂ ಹೆಚ್ಚುಗಾರಿಕೆಯಿಲ್ಲ.

ರಸ್ತೆಯ ವಿಷಯದಲ್ಲೂ ಇದೇ ದಾಖಲೆ ಕೈ ಹಿಡಿಯುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಂಥ ದಿನ ಮತ್ತೆ ಬಂದರೆ, ಆಗಲೇ ಗೂಡು ಸೇರಿದ ಪಾರ್ಸೆಲ್‌ಗಳಲ್ಲಿ ಯಾವುವನ್ನು ತೆಗೆದು ಬೇರೆ ದಾರಿಯ ಗಾಡಿಗೆ ಹಾಕಬೇಕು ಎಂಬ ಪಟ್ಟಿ ಸಾಫ್ಟ್‌ವೇರಿನಿಂದ ಬರಬೇಕು. ದೀಪದ ಗೂಡಿನಲ್ಲಿ ಆ ಪಾರ್ಸೆಲ್‌ಗಳು ಕಣ್ಣೆದುರಿಗೇ ಇರುತ್ತವೆ, ಕೈಯಿಂದ ಎತ್ತಿ ಪಕ್ಕದ ಗೂಡಿಗೆ ಇಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿದರಾಯಿತು. ತುಂಬಿದ ಇಳಿಜಾರಿನ ಕೆಳಗಿನಿಂದ ನಾಲ್ಕು ಡಬ್ಬ ಹುಡುಕಿ ತೆಗೆಯುವುದು ಅಷ್ಟು ಸುಲಭವಲ್ಲ.

ಕೊಳ್ಳುವ ಮುನ್ನ

ದಿನಕ್ಕೆ 300ರವರೆಗೆ ಎರಡು ಸ್ಕ್ಯಾನಿನ ಪದ್ಧತಿ ಮತ್ತು ಗ್ರಾವಿಟಿ ರೋಲರ್, ಅಲ್ಲಿಂದ ಸಾವಿರದವರೆಗೆ ಸೆನ್ಸರ್ ಇರುವ ದೀಪದ ಗೂಡು, ಸಾವಿರ ದಾಟಿ ಕೇರಳದ ಗಡಿಯಾಚೆಗೋ ಹಾಸನದ ಕಡೆಗೋ ವ್ಯಾಪಾರ ಹಬ್ಬಿದರೆ 24 ವೋಲ್ಟಿನ ರೋಲರ್ ಲೈನು: ಇದು ನನ್ನ ಆಯ್ಕೆ. ಕಂಪನಿಯನ್ನು ಆರಿಸುವಾಗ ಇಂಜಿನಿಯರ್ ಎಲ್ಲಿಂದ ಬರುತ್ತಾರೆ ಎಂದು ಕೇಳಿ. ಮೈಸೂರಿನಿಂದಾದರೆ ಸುಮಾರು 85 ಕಿಲೋಮೀಟರು, ಅದೇ ದಿನ ತಲುಪಬಹುದು. ಬೆಂಗಳೂರಿನಿಂದಾದರೆ ಅಂದಿನ ಗಾಡಿ ತಪ್ಪಿದ ಹಾಗೆಯೇ. ಬಿಡಿಭಾಗಗಳ ಒಂದು ಪೆಟ್ಟಿಗೆಯನ್ನು ಖರೀದಿಯೊಡನೆಯೇ ಪಡೆದು ಗೋದಾಮಿನಲ್ಲೇ ಇಟ್ಟುಕೊಳ್ಳಿ.

ಯಂತ್ರ ತೋರಿಸುವ ದಿನ ಕಂಪನಿಯವರು ಒಂದೇ ಅಳತೆಯ, ಹೊಸ, ಒಣ ಡಬ್ಬಗಳನ್ನು ತಂದಿರುತ್ತಾರೆ. ನೀವು ನಿಮ್ಮವನ್ನು ಒಯ್ಯಿರಿ: ಬೆವರಿದ ಥರ್ಮೊಕೋಲ್ ಡಬ್ಬ ಒಂದು, ಸಿರಪ್ ಕೇಸು ಒಂದು, ಮೂಲೆ ಮೆತ್ತಗಾದ ಹಳೆಯ ರಟ್ಟಿನ ಡಬ್ಬ, ಕಣ್ಣಿನ ಹನಿಯ ಪುಟ್ಟ ಪಾರ್ಸೆಲ್, ಲೇಬಲ್ ಅರ್ಧ ಹರಿದದ್ದು ಒಂದು. ಎಲ್ಲವೂ ಓಡುತ್ತಿರುವಾಗ ಮೇನ್ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ, ಆಗಲೇ ಗೂಡು ಸೇರಿದ್ದ ಪಾರ್ಸೆಲ್‌ಗಳ ಪಟ್ಟಿಯನ್ನು ಕೇಳಿ. ಲೈನಿನ ನಡುವೆ ಸಿಕ್ಕಿಕೊಂಡಿದ್ದ ಡಬ್ಬವನ್ನು ಅದು ಹೋಯಿತೆಂದು ಬರೆದುಕೊಂಡಿದೆಯೋ, ಇನ್ನೂ ಬಾಕಿ ಎಂದು ತೋರಿಸುತ್ತದೆಯೋ ಎಂಬುದನ್ನು ನೋಡಿದ ಮೇಲೆ ಬೆಲೆಯ ಮಾತಿಗೆ ಕೂರಬಹುದು.